ಐ5-14400 ತಗೊಳ್ಳೋದಾ, ರೈಜನ್ 5 7600 ತಗೊಳ್ಳೋದಾ? ಮದುವೆ ವಿಡಿಯೋ ಎಡಿಟಿಂಗಿಗೆ

ಸಾಗರ ಸ್ಟುಡಿಯೋ
ಎಲ್ಲರಿಗೂ ನಮಸ್ಕಾರ. ಆಷಾಢ ಬಂತು, ಮದುವೆ ಆರ್ಡರ್ ಇಲ್ಲ. ಈ ಬಿಡುವಿನಲ್ಲೇ ಕಂಪ್ಯೂಟರ್ ಬದಲಾಯಿಸಿಬಿಡೋಣ ಅಂತಿದ್ದೇನೆ. ಈಗ ಇರುವುದು ಐ5-7400 ಪ್ರೊಸೆಸರ್, 16 ಜಿಬಿ ಡಿಡಿಆರ್4 ರ‍್ಯಾಮ್, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್. ಪ್ರೊಸೆಸರಿನಲ್ಲಿ ದುಡಿಯುವ ಕೋರ್ ನಾಲ್ಕು, ಒಟ್ಟಿಗೆ ಓಡುವ ಕೆಲಸದ ಎಳೆ, ಅಂದರೆ ಥ್ರೆಡ್, ಅದೂ ನಾಲ್ಕೇ. ಆಲ್ಬಂ ಡಿಸೈನ್ ಹೇಗೋ ನಡೆಯುತ್ತದೆ, ವಿಡಿಯೋ ಹಾಕಿದರೆ ಮುಗೀತು. ಧಾರೆಯ ಶಾಟ್ ಎಳೆದು ಪ್ಲೇ ಒತ್ತಿದರೆ ಪುರೋಹಿತರ ಮಂತ್ರ ಮುಂದೆ ಹೋಗುತ್ತಿರುತ್ತದೆ, ಮದುಮಗಳು ಮಾತ್ರ ಹಾರ ಎತ್ತಿಕೊಂಡು ಹಾಗೇ ನಿಂತಿರುತ್ತಾಳೆ. ಸಾಲದ್ದಕ್ಕೆ ವಿಂಡೋಸ್ 10ಕ್ಕೆ 2025ರ ಅಕ್ಟೋಬರಿನಲ್ಲಿ ಸಪೋರ್ಟ್ ನಿಲ್ಲಿಸಿದರು. ಈ ಏಳನೇ ಜನರೇಶನ್ ಪ್ರೊಸೆಸರಿಗೆ ವಿಂಡೋಸ್ 11 ಲೆಕ್ಕದಲ್ಲಿ ಬರುವುದೇ ಇಲ್ಲ.

ಶಿವಮೊಗ್ಗದ ಒಂದು ಅಂಗಡಿಯಲ್ಲಿ ಎರಡು ಕೊಟೇಶನ್ ಕೊಟ್ಟಿದ್ದಾರೆ. ಒಂದು ಇಂಟೆಲ್ ಐ5-14400ಎಫ್, ಇನ್ನೊಂದು ಎಎಂಡಿ ರೈಜನ್ 5 7600. ಯಾವುದು ಫಾಸ್ಟ್? ನನ್ನ ಕೆಲಸ ಪ್ರೀಮಿಯರ್ ಪ್ರೊ ಮತ್ತು ಫೋಟೋಶಾಪ್, ಅಷ್ಟೇ.

ಹೊಸನಗರ ಗೇಮರ್
ಕಣ್ಣು ಮುಚ್ಚಿ 7600 ತಗೊಳ್ಳಿ ಅಣ್ಣ. 5.1 ಗಿಗಾಹರ್ಟ್ಸ್ ಬೂಸ್ಟ್, 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ). 14400 ಹೋಗುವುದು 4.7ರವರೆಗೆ ಮಾತ್ರ, ಕ್ಯಾಶ್ 20 ಎಂಬಿ. ಗೇಮಿನಲ್ಲಿ ಇಂಟೆಲ್ ಹತ್ತಿರಕ್ಕೂ ಬರುವುದಿಲ್ಲ. ಅದೂ ಅಲ್ಲದೆ 7600 ಕೂರುವ ಎಎಂ5 ಸಾಕೆಟ್‌ಗೆ 2027ರ ಆಚೆಗೂ ಹೊಸ ಪ್ರೊಸೆಸರ್ ಕೊಡುತ್ತೇವೆ ಅಂತ ಎಎಂಡಿಯೇ ಹೇಳಿದೆ. 14400 ಕೂರುವ ಎಲ್‌ಜಿಎ1700 ಸಾಕೆಟ್ 12, 13, 14ನೇ ಜನರೇಶನ್ನಿಗೆ ಮುಗಿದುಹೋಯಿತು.

ಬಿ.ಎಚ್. ರೋಡ್ ರಿಪೇರಿ
ಅವರು ಕೇಳಿದ್ದು ಎಡಿಟಿಂಗ್ ತಮ್ಮಾ, ನೀನು ಹೇಳಿದ್ದು ಗೇಮು.

ಕೋರ್ ಲೆಕ್ಕ ಸರಿಯಾಗಿ ನೋಡಿ. 7600ರಲ್ಲಿ 6 ಕೋರ್, 12 ಥ್ರೆಡ್. 14400ರಲ್ಲಿ 6 ದೊಡ್ಡ ಕೋರ್, 4 ಸಣ್ಣ ಕೋರ್, ಒಟ್ಟು 16 ಥ್ರೆಡ್. ಎಲ್ಲ ಕೋರಿಗೂ ಒಟ್ಟಿಗೆ ಕೆಲಸ ಬಿದ್ದಾಗ, ಅಂದರೆ ರೆಂಡರ್ ಥರದ್ದರಲ್ಲಿ, 14400 ಸ್ವಲ್ಪ ಮುಂದೆ. ಒಂದೇ ಕೋರಿನ ಕೆಲಸದಲ್ಲಿ 7600 ಸ್ವಲ್ಪ ಮುಂದೆ. ಎರಡೂ ಕಡೆ ವ್ಯತ್ಯಾಸ ದೊಡ್ಡದೇನಲ್ಲ. ನಿಮ್ಮ 7400ರಿಂದ ಬಂದವರಿಗೆ ಎರಡೂ ಸ್ವರ್ಗವೇ. ಹಾಗಾಗಿ ಯಾವುದು ಫಾಸ್ಟ್ ಅನ್ನುವ ಪ್ರಶ್ನೆ ಆಮೇಲೆ. ಮೊದಲು ಕ್ಯಾಮೆರಾ ಯಾವುದು, ಯಾವ ಫಾರ್ಮ್ಯಾಟಿನಲ್ಲಿ ಶೂಟ್ ಮಾಡುತ್ತೀರಿ ಹೇಳಿ.

ಅಡಿಕೆ ಭಟ್ರು
ಕರೆಂಟು ಯಾವುದಕ್ಕೆ ಕಡಿಮೆ ಬೇಕು? ನಮ್ಮ ಕಡೆ ಅದನ್ನು ಮೊದಲು ನೋಡಬೇಕು ಮಾರಾಯ್ರೆ.

ಸಾಗರ ಸ್ಟುಡಿಯೋ
@ರಿಪೇರಿ, ಸೋನಿ ಎ7 4. ಕಳೆದ ಸೀಸನ್‌ನಿಂದ ಎಕ್ಸ್‌ಎವಿಸಿ ಎಚ್‌ಎಸ್, 4ಕೆ, 10 ಬಿಟ್ 4:2:2. ಕಾರ್ಡಿನಲ್ಲಿ ಜಾಗ ಉಳಿಯುತ್ತದೆ ಅಂತ ಹಾಗೆ ಮಾಡಿದ್ದು.

ಬಿ.ಎಚ್. ರೋಡ್ ರಿಪೇರಿ
ಹಾಂ, ಈಗ ಗೊತ್ತಾಯಿತು ಮದುಮಗಳು ಯಾಕೆ ನಿಂತಲ್ಲೇ ನಿಂತಿದ್ದಾಳೆ ಅಂತ.

ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎಚ್‌ಎಸ್ ಅಂದರೆ ಒಳಗೆ ಇರುವುದು ಎಚ್‌ಇವಿಸಿ, ವಿಡಿಯೋವನ್ನು ಒತ್ತಿ ಚಿಕ್ಕದು ಮಾಡುವ ಒಂದು ವಿಧಾನ. ಫೈಲ್ ಚಿಕ್ಕದು, ಆದರೆ ಬಿಚ್ಚಿ ತೋರಿಸುವ ಕೆಲಸ ಬಹಳ ಭಾರ. ಆ ಕೆಲಸವನ್ನು ಕೋರ್‌ಗಳ ತಲೆಗೆ ಕಟ್ಟಬಾರದು ಅಂತಲೇ ಗ್ರಾಫಿಕ್ಸ್ ಚಿಪ್ಪಿನಲ್ಲಿ ಬೇರೆ ಡಿಕೋಡರ್ ಇಟ್ಟಿರುತ್ತಾರೆ. ನಿಮ್ಮ 1650ರಲ್ಲೂ ಇದೆ, ಅದಕ್ಕೆ ಮಾಮೂಲಿ 4:2:0 ಗೊತ್ತು, 4:2:2 ಗೊತ್ತಿಲ್ಲ. ನಿಮ್ಮದು 4:2:2, ಬಣ್ಣದ ಮಾಹಿತಿ 4:2:0ರ ಎರಡರಷ್ಟು. ಕಾರ್ಡು ಅದನ್ನು ಮುಟ್ಟುವುದೇ ಇಲ್ಲ, ಪೂರ್ತಿ ಹೊರೆ ಪ್ರೊಸೆಸರ್ ಮೇಲೆ ಬೀಳುತ್ತದೆ.

ಈ 4:2:2 ಎಚ್‌ಇವಿಸಿಯನ್ನು ಬಿಚ್ಚುವ ಡಿಕೋಡರ್ ಇಂಟೆಲ್‌ನ ಒಳಗಿನ ಗ್ರಾಫಿಕ್ಸ್‌ನಲ್ಲಿದೆ, ಅದೇ ಕ್ವಿಕ್ ಸಿಂಕ್. ಡೆಸ್ಕ್‌ಟಾಪಿನಲ್ಲಿ 11ನೇ ಜನರೇಶನ್‌ನಿಂದಲೂ ಇದೆ. ರೈಜನ್ 7600ಕ್ಕೂ ಒಳಗೆ ಪುಟ್ಟ ಗ್ರಾಫಿಕ್ಸ್ ಇದೆ, ಆದರೆ ಅದು 4:2:2 ಬಿಚ್ಚುವುದಿಲ್ಲ.

ಈಗ ನಿಮ್ಮ ಕೊಟೇಶನ್ ಇನ್ನೊಮ್ಮೆ ನೋಡಿ. 14400 ಆದಮೇಲೆ ಒಂದು "ಎಫ್" ಇದೆ ಅಲ್ವಾ? ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಗ್ರಾಫಿಕ್ಸ್ ಇಲ್ಲ ಅಂದರೆ ಕ್ವಿಕ್ ಸಿಂಕ್ ಇಲ್ಲ. ನಿಮಗೆ ಬೇಕಾದ ಒಂದೇ ಒಂದು ವಸ್ತುವನ್ನು ತೆಗೆದು ನಿಮಗೆ ಕೊಡುತ್ತಿದ್ದಾರೆ.

ಸಾಗರ ಸ್ಟುಡಿಯೋ
ಅಯ್ಯೋ ದೇವರೇ. ಅಂಗಡಿಯವನು "ನಿಮ್ಮ ಹತ್ರ ಕಾರ್ಡ್ ಇದೆಯಲ್ಲ ಸರ್, ಸುಮ್ನೆ ಗ್ರಾಫಿಕ್ಸಿಗೆ ಯಾಕೆ ದುಡ್ಡು" ಅಂದಿದ್ದ.

ತೀರ್ಥಹಳ್ಳಿ ಎಡಿಟರ್
ಅಂಗಡಿಯವನ ತಪ್ಪೂ ಅಲ್ಲ ಬಿಡಿ. ನೂರು ಜನರಲ್ಲಿ ತೊಂಬತ್ತೊಂಬತ್ತು ಜನಕ್ಕೆ ಅವನು ಹೇಳಿದ್ದೇ ಸರಿ. ನಮ್ಮಂಥ ಎಡಿಟಿಂಗ್‌ನವರಿಗೆ ಮಾತ್ರ ಇದು ಕೈ ಕೊಡುವುದು.

ಆದರೆ ರಿಪೇರಿಯವರೇ, ಒಂದು ಬಿಟ್ಟಿರಿ. ಅದೇ ಸೋನಿಯಲ್ಲಿ ಎಕ್ಸ್‌ಎವಿಸಿ ಎಸ್ ಅಂತ ಇನ್ನೊಂದು ಇದೆ, ಅದು ಎಚ್264, ಎಚ್‌ಇವಿಸಿಗಿಂತ ಹಳೇ ವಿಧಾನ. ಅದರಲ್ಲಿ 10 ಬಿಟ್ 4:2:2 ಶೂಟ್ ಮಾಡಿದರೆ 14400ರ ಕ್ವಿಕ್ ಸಿಂಕ್ ಕೂಡ ಕೈ ಎತ್ತುತ್ತದೆ. ಆಗ ಕೋರ್‌ಗಳೇ ದುಡಿಯಬೇಕು, ಆಗ ರೈಜನ್ನು ಇಂಟೆಲ್ಲು ಹೆಚ್ಚು ಕಡಿಮೆ ಒಂದೇ. ಅದರ ಫೈಲು ಬಿಚ್ಚುವುದು ಎಚ್‌ಇವಿಸಿಯಷ್ಟು ಕಷ್ಟ ಅಲ್ಲ ಅನ್ನುವುದೊಂದೇ ಸಮಾಧಾನ. ಎಚ್‌ಎಸ್ ಬಿಡುವುದಿಲ್ಲ ಅಂತಾದರೆ ಮಾತ್ರ ಇಂಟೆಲ್ ವಾದ ನಿಲ್ಲುತ್ತದೆ.

ಬಿ.ಎಚ್. ರೋಡ್ ರಿಪೇರಿ
ಒಪ್ಪಿದೆ. ಎಚ್‌ಎಸ್ ಅಂತ ಅವರೇ ಹೇಳಿದರಲ್ಲ, ಅದಕ್ಕೆ ಆ ಕಡೆ ಹೋಗಲಿಲ್ಲ.

ಹೊಸನಗರ ಗೇಮರ್
ಆರ್‌ಟಿಎಕ್ಸ್ 50 ಸೀರೀಸ್ ಕಾರ್ಡಿನಲ್ಲಿ 4:2:2 ಬರುತ್ತದೆ, ಎಚ್264 ಕೂಡ ಬರುತ್ತದೆ. 2025ರಿಂದ ಇದೆ. 7600 ಹಾಕಿ, ಜೊತೆಗೆ ಒಂದು 5060. ಎರಡೂ ಕಡೆ ಗೆದ್ದ ಹಾಗೆ!

ತೀರ್ಥಹಳ್ಳಿ ಎಡಿಟರ್
ಗೆಲ್ಲಬಹುದು, ದುಡ್ಡು ನೀನು ಕೊಡು. ಇನ್ನೂ ಮದುವೆ ಪಾರ್ಟಿಗಳ ಬ್ಯಾಲೆನ್ಸೇ ಬಂದಿಲ್ಲ ನಮಗೆ.

ಸಾಗರ ಸ್ಟುಡಿಯೋ
ನನಗೂ 😄

ಭದ್ರಾವತಿ ಮೇಷ್ಟ್ರು
ಪ್ರಾಕ್ಸಿ ಅಂತ ಒಂದಿದೆ ಸ್ವಾಮಿ. ಪ್ರೀಮಿಯರ್‌ನಲ್ಲಿ ಫೈಲ್ ಹಾಕುವಾಗಲೇ ಚಿಕ್ಕ ಸೈಜಿನ ನಕಲು ಮಾಡಿಕೊಳ್ಳಿ, ಅದರಲ್ಲಿ ಎಡಿಟ್ ಮಾಡಿ, ಕೊನೆಗೆ ಮೂಲ ಫೈಲಿನಿಂದ ಎಕ್ಸ್‌ಪೋರ್ಟ್ ಮಾಡಿ. ಹಳೇ 7400ರಲ್ಲೂ ಓಡುತ್ತದೆ. ಎಲ್ಲರೂ ಪ್ರೊಸೆಸರ್ ತಗೊಳ್ಳಿ ಅನ್ನುತ್ತೀರಿ, ಇದನ್ನು ಯಾರೂ ಹೇಳುವುದಿಲ್ಲ.

ತೀರ್ಥಹಳ್ಳಿ ಎಡಿಟರ್
ಮೇಷ್ಟ್ರೇ, ಆ ನಕಲು ಮಾಡಲೂ ಮೂಲ ಫೈಲು ಬಿಚ್ಚಲೇಬೇಕಲ್ಲ. ಎರಡು ಕ್ಯಾಮೆರಾ, ದೇವರ ಕಾರ್ಯದಿಂದ ಆರತಕ್ಷತೆವರೆಗೆ ಎಷ್ಟು ಗಂಟೆ ಫುಟೇಜ್ ಆಗುತ್ತದೆ ಗೊತ್ತಾ? 7400ರಲ್ಲಿ ಪ್ರಾಕ್ಸಿಗೆ ಹಾಕಿ ಮಲಗಿದರೆ ಬೆಳಿಗ್ಗೆಯೂ ಮುಗಿದಿರುವುದಿಲ್ಲ. ಮಧ್ಯದಲ್ಲಿ ಕರೆಂಟು ಹೋದರೆ ದೇವರೇ ಗತಿ.

ಅಡಿಕೆ ಭಟ್ರು
ಅದಕ್ಕೇ ಕೇಳಿದ್ದು ಕರೆಂಟು ಯಾವುದಕ್ಕೆ ಕಡಿಮೆ ಅಂತ. ಯಾರೂ ಉತ್ತರ ಕೊಡಲಿಲ್ಲ.

ಆಗುಂಬೆ ಹೋಂಸ್ಟೇ
ಭಟ್ರೇ ನಾನು ಕೊಡುತ್ತೇನೆ. ಡಬ್ಬದ ಮೇಲೆ ಎರಡಕ್ಕೂ 65 ವ್ಯಾಟ್ ಅಂತಲೇ ಇರುತ್ತದೆ, ಅದನ್ನು ನಂಬಬೇಡಿ. 7600 ಪೂರ್ತಿ ದುಡಿದರೆ 88 ವ್ಯಾಟ್‌ವರೆಗೆ ಎಳೆಯುತ್ತದೆ. 14400 ಟರ್ಬೊದಲ್ಲಿ 148ರವರೆಗೆ ಹೋಗಬಹುದು ಅಂತ ಇಂಟೆಲ್‌ನ ಲೆಕ್ಕವೇ ಇದೆ. ಜೋರು ಕೆಲಸದಲ್ಲಿ ಎಎಂಡಿಯೇ ಮಿತವ್ಯಯಿ. ಸುಮ್ನೆ ಆನ್ ಇಟ್ಟಾಗ, ಬಿಲ್ ಬರೆಯುವುದು ಮೇಲ್ ನೋಡುವುದು ಇಂಥದ್ದರಲ್ಲಿ ಇಂಟೆಲ್ ಕಡಿಮೆ ತಿನ್ನುತ್ತದೆ.

ನಮ್ಮಲ್ಲಿ ಮಳೆಗಾಲ ಅಂದರೆ ಸೋಲಾರೂ ಇಲ್ಲ, ಲೈನೂ ಇಲ್ಲ, ಇನ್ವರ್ಟರ್ ಮೇಲೇ ಜೀವನ. ಇಂಟೆಲ್ ಮಷೀನಿಗೆ ಬಯೋಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್) ಪವರ್ ಲಿಮಿಟ್, ಮಾಮೂಲಿಯದ್ದು ಟರ್ಬೊದ್ದು ಎರಡನ್ನೂ 65ಕ್ಕೆ ಕಟ್ಟಿಟ್ಟಿದ್ದೇನೆ. ಎಕ್ಸ್‌ಪೋರ್ಟ್ ಸ್ವಲ್ಪ ನಿಧಾನ ಆಗುತ್ತದೆ, ಆದರೆ ಯುಪಿಎಸ್ ಕಿರುಚುವುದಿಲ್ಲ.

ಅಡಿಕೆ ಭಟ್ರು
ನಮ್ಮ ಮನೆ ಇನ್ವರ್ಟರಿಗೆ ಕಂಪ್ಯೂಟರ್ ಹಾಕಿದರೆ ಕರೆಂಟು ಹೋದ ತಕ್ಷಣ ಅದೂ ಆಫ್. ಫ್ಯಾನು ಲೈಟು ಎಲ್ಲ ಇರುತ್ತದೆ. ಇದು ಪ್ರೊಸೆಸರ್ ದೋಷವಾ?

ಬಿ.ಎಚ್. ರೋಡ್ ರಿಪೇರಿ
ಅಲ್ಲ ಭಟ್ರೇ. ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬೇಕು. ಅದು ಲೈನಿನಿಂದ ಬ್ಯಾಟರಿಗೆ ಬರಲು ಸ್ವಲ್ಪ ತಡ ಮಾಡುತ್ತದೆ, ಫ್ಯಾನಿಗೆ ಗೊತ್ತಾಗುವುದಿಲ್ಲ, ಎಸ್‌ಎಂಪಿಎಸ್‌ಗೆ (ಕಂಪ್ಯೂಟರಿನ ಪವರ್ ಸಪ್ಲೈ) ಗೊತ್ತಾಗುತ್ತದೆ. ಹೊಸ ಎಸ್‌ಎಂಪಿಎಸ್‌ಗಳಲ್ಲಿ ಆಕ್ಟಿವ್ ಪಿಎಫ್‌ಸಿ ಅನ್ನುವ ಸರ್ಕಿಟ್ ಇರುತ್ತದೆ, ಆ ಸ್ಕ್ವೇರ್ ವೇವ್ ಅಂದರೆ ಅವಕ್ಕೆ ಆಗಿಬರುವುದಿಲ್ಲ. ಪ್ಯೂರ್ ಸೈನ್ ವೇವ್ ತಗೊಳ್ಳಿ, ಯುಪಿಎಸ್ ಮೋಡ್ ಇದ್ದರೆ ಅದರಲ್ಲಿಡಿ. ಇಲ್ಲದಿದ್ದರೆ ಕಂಪ್ಯೂಟರಿಗೆ ಬೇರೆ ಯುಪಿಎಸ್.

ಕರೆಂಟಿನ ಮಾತು ಬಂತು ಅಂತ ಹೇಳುತ್ತೇನೆ. ಮೊನ್ನೆ ಒಬ್ಬರು ಸಿಪಿಯು ಹೊತ್ತು ತಂದರು. ಕೋಣಂದೂರು ಕಡೆಯವರು, ಪ್ರೊಸೆಸರ್ ಸುಟ್ಟಿದೆ, ಹೊಸದು ಹಾಕಿ ಅಂತ. ಎಸ್‌ಎಂಪಿಎಸ್ ಬಿಚ್ಚಿದರೆ ದೊಡ್ಡ ಕೆಪಾಸಿಟರ್ ಪಕ್ಕ ಒಂದು ಹಲ್ಲಿ, ಕಾಲು ನಾಲ್ಕೂ ಚಾಚಿಕೊಂಡು, ಬಾಲ ಹೀಟ್‌ಸಿಂಕಿಗೆ ಅಂಟಿ, ಹಪ್ಪಳದ ಹಾಗೆ ಗರಿಗರಿ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಒಳಗೆ ಹೋಗಿದೆ. ಎಸ್‌ಎಂಪಿಎಸ್ ಬದಲಾಯಿಸಿದೆ, ಪ್ರೊಸೆಸರ್ ಜುಮ್ಮಂತ ಓಡಿತು. ಹಿಂದಿನ ಖಾಲಿ ಸ್ಲಾಟುಗಳ ಮುಚ್ಚಳ ತೆಗೆದು ಬಿಸಾಡಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ, ಯಾರೂ ಕೇಳುವುದಿಲ್ಲ.

ಸೊರಬ ಡಿಟಿಪಿ
ನಮ್ಮಲ್ಲಿ ಇರುವೆ. ಕೀಬೋರ್ಡಿನೊಳಗೆ ಮೊಟ್ಟೆ ಸಮೇತ ಸಂಸಾರ.

ಹೊಸನಗರ ಗೇಮರ್
ಪ್ರೊಸೆಸರ್ ವಿಷಯಕ್ಕೆ ಬನ್ನಿ. ಇಂಟೆಲ್ 13, 14ನೇ ಜನರೇಶನ್ ಸುಟ್ಟುಹೋಗುತ್ತದೆ ಅಂತ ಇಡೀ ಪ್ರಪಂಚಕ್ಕೆ ಗೊತ್ತು. ಅದನ್ನು ಯಾಕೆ ಯಾರೂ ಹೇಳುತ್ತಿಲ್ಲ?

ಬೆಂಗಳೂರಲ್ಲಿರೋ ಮಲೆನಾಡಿಗ
ಅರ್ಧ ಸತ್ಯ. ತೊಂದರೆ ಇದ್ದದ್ದು ನಿಜ. ಪ್ರೊಸೆಸರ್ ತನಗೆ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತು, ದಿನ ಹೋದಂತೆ ಒಳಗೆ ಸವೆದು ಕ್ರ್ಯಾಶ್ ಆಗುತ್ತಿತ್ತು. 2024ರ ಆಗಸ್ಟಿನಲ್ಲಿ 0ಎಕ್ಸ್129 ಅನ್ನುವ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸಾಫ್ಟ್‌ವೇರ್ ತಿದ್ದುಪಡಿ) ಬಿಟ್ಟರು, ಆಮೇಲೆ ಸೆಪ್ಟೆಂಬರಿನಲ್ಲಿ 0ಎಕ್ಸ್12ಬಿ. ವಾರಂಟಿಯನ್ನೂ ಎರಡು ವರ್ಷ ಜಾಸ್ತಿ ಮಾಡಿದರು. ಆದರೆ ಆ ವಾರಂಟಿ ಪಟ್ಟಿ ಶುರುವಾಗುವುದೇ 13600ಕೆ ಇಂದ. ಬಹುಪಾಲು ದೂರು ಬಂದದ್ದು ಐ7, ಐ9ರಿಂದ. 14400 ಆ ಪಟ್ಟಿಯಲ್ಲಿಲ್ಲ. ಹೊಸ ಬೋರ್ಡ್ ತಂದ ಕೂಡಲೇ ಬಯೋಸ್ ಅಪ್‌ಡೇಟ್ ಮಾಡಿಕೊಂಡರೆ ಆಯಿತು. ಯುಪಿಎಸ್ ಮೇಲೆ ಇಟ್ಟುಕೊಂಡು ಮಾಡಿ, ಅರ್ಧದಲ್ಲಿ ಕರೆಂಟು ಹೋದರೆ ಬೋರ್ಡೇ ಹೋಗಬಹುದು.

ಎಎಂಡಿಯವರೂ ಸಾಚಾ ಅಲ್ಲ. 2023ರಲ್ಲಿ 7000 ಎಕ್ಸ್3ಡಿ ಚಿಪ್ಪುಗಳು ಬೋರ್ಡಿನ ಮೇಲೇ ಸುಟ್ಟು ಉಬ್ಬಿದ ಫೋಟೋ ನೋಡಿಲ್ಲವಾ? ಆಮೇಲೆ ಚಿಪ್ಪಿಗೆ ಹೋಗುವ ಎಸ್ಒಸಿ ವೋಲ್ಟೇಜ್ 1.3ಕ್ಕೆ ಕಟ್ಟಿ ಬಯೋಸ್ ಬಿಟ್ಟರು.

ಹೊಸನಗರ ಗೇಮರ್
ಅದು ಎಕ್ಸ್3ಡಿ. 7600 ಅಲ್ಲ.

ಬೆಂಗಳೂರಲ್ಲಿರೋ ಮಲೆನಾಡಿಗ
ಅದನ್ನೇ ನಾನೂ ಹೇಳಿದ್ದು. ಅದು 13900ಕೆ, 14400 ಅಲ್ಲ.

ಭದ್ರಾವತಿ ಮೇಷ್ಟ್ರು
ಇಬ್ಬರೂ ಕಂಪನಿಯಿಂದ ಸಂಬಳ ತಗೊಳ್ಳುತ್ತೀರಾ ಹೇಗೆ?

ಸಾಗರ ಸ್ಟುಡಿಯೋ
ಜಗಳ ಬೇಡ. ರ‍್ಯಾಮ್ ಬಗ್ಗೆ ಹೇಳಿ. ನನ್ನ ಹತ್ತಿರ 8 ಜಿಬಿಯ ಎರಡು ಡಿಡಿಆರ್4 ಇವೆ, 2400 ಸ್ಪೀಡಿನದ್ದು. ಹೊಸದರಲ್ಲಿ ಓಡುತ್ತದಾ?

ಬಿ.ಎಚ್. ರೋಡ್ ರಿಪೇರಿ
7600ರಲ್ಲಿ ಇಲ್ಲವೇ ಇಲ್ಲ, ಎಎಂ5ಗೆ ಡಿಡಿಆರ್5 ಒಂದೇ. 14400 ಎರಡನ್ನೂ ಒಪ್ಪುತ್ತದೆ, ಆದರೆ ಬೋರ್ಡ್ ಯಾವುದೋ ಒಂದನ್ನೇ ಒಪ್ಪುವುದು. ಡಿಡಿಆರ್4 ಸ್ಲಾಟ್ ಇರುವ ಬಿ760 ಬೋರ್ಡ್ ಅಂತ ಬಾಯಿಬಿಟ್ಟು ಕೇಳಿ, ಬಿಲ್ಲಿನಲ್ಲೂ ಬರೆಸಿ. ನಿಮ್ಮ 2400ರ ರ‍್ಯಾಮ್ ಓಡುತ್ತದೆ, ಓಡುವುದು 2400ರಲ್ಲೇ. 3200 ಆದರೆ ಒಳ್ಳೆಯದು. 4ಕೆಗೆ 16 ಜಿಬಿ ಸಾಲುವುದಿಲ್ಲ, ಆದರೆ 2025ರ ಕೊನೆಯಿಂದ ರ‍್ಯಾಮ್ ರೇಟು ಹೇಗೆ ಏರಿದೆ ನೋಡಿದ್ದೀರಲ್ಲ, ಎಐ ಡೇಟಾ ಸೆಂಟರಿನವರು ಎಲ್ಲ ಬಾಚಿಕೊಂಡು ಹೋಗುತ್ತಿದ್ದಾರೆ. ಸದ್ಯಕ್ಕೆ ಹಳೆಯದರಲ್ಲೇ ನಡೆಸಿ, ಕಾರ್ತಿಕ ಮಾಸದ ಅಡ್ವಾನ್ಸ್ ಬಂದಮೇಲೆ ಹಾಕಿಸಿ.

ಅಡಿಕೆ ಭಟ್ರು
ಅಡಿಕೆ ರೇಟು ಹಾಗೆ ಏರಿದರೆ ಮರುದಿನವೇ ಇಳಿಯುತ್ತದೆ. ರ‍್ಯಾಮ್ ಬೆಳೆಯುವುದು ಹೇಗೆ ಅಂತ ಯಾರಾದರೂ ಹೇಳಿಕೊಡಿ, ಕೊಳೆ ರೋಗವೂ ಇಲ್ಲ, ಮದ್ದು ಹೊಡೆಯುವುದೂ ಇಲ್ಲ.

ಸೊರಬ ಡಿಟಿಪಿ
😂 ಮದ್ದು ಹೊಡೆದಾಯಿತಾ ಭಟ್ರೇ?

ಅಡಿಕೆ ಭಟ್ರು
ಮಳೆ ಬಿಟ್ಟರಲ್ಲವಾ ಹೊಡೆಯುವುದು. ಮದ್ದು ಹೊಡೆಯುವ ಕೊನೆಗೌಡ ಬೆಳಿಗ್ಗೆ ಬಂದು ಆಕಾಶ ನೋಡಿ, ಕಾಫಿ ಕುಡಿದು ಹೋಗುತ್ತಾನೆ.

ತೀರ್ಥಹಳ್ಳಿ ಎಡಿಟರ್
ಒಂದು ಸಲಹೆ. ಬಜೆಟ್ ಸ್ವಲ್ಪ ಹಿಗ್ಗಿಸಿದರೆ 14400 ಬದಲು 14500 ನೋಡಿ. ಬರೀ ನೂರು ನಂಬರು ಜಾಸ್ತಿ ಅನ್ನಿಸುತ್ತದೆ, ಒಳಗೆ ಬಹಳ ವ್ಯತ್ಯಾಸ. ಸಣ್ಣ ಕೋರ್ ನಾಲ್ಕರ ಬದಲು ಎಂಟು, ಒಟ್ಟು 20 ಥ್ರೆಡ್. ಅದಕ್ಕಿಂತ ಮುಖ್ಯ, 14400ರ ಗ್ರಾಫಿಕ್ಸ್ ಯುಎಚ್‌ಡಿ 730, ಅದರಲ್ಲಿ ವಿಡಿಯೋ ಎಂಜಿನ್ ಒಂದೇ. 14500ರದ್ದು ಯುಎಚ್‌ಡಿ 770, ಎರಡು ಎಂಜಿನ್. ಮಲ್ಟಿಕ್ಯಾಮ್‌ನಲ್ಲಿ ಎರಡು ಮೂರು ಕ್ಯಾಮೆರಾ ಒಟ್ಟಿಗೆ ಓಡಿಸುವಾಗ ಅದು ಕೆಲಸಕ್ಕೆ ಬರುತ್ತದೆ. ದುಡ್ಡು ಕಡಿಮೆ ಇದ್ದರೆ ಹಳೇ 12500 ಸಿಕ್ಕರೂ ಬಿಡಬೇಡಿ, ಕೋರ್ ಆರೇ ಆದರೂ ಅದರಲ್ಲೂ 770 ಇದೆ.

ಹೊಸನಗರ ಗೇಮರ್
2022ರ ಪ್ರೊಸೆಸರ್ ಈಗ ತಗೊಳ್ಳಿ ಅನ್ನುತ್ತೀರಲ್ಲ! ಎರಡು ವರ್ಷ ಬಿಟ್ಟು ಅಪ್‌ಗ್ರೇಡ್ ಮಾಡುವುದಾದರೆ ಎಎಂ5ನಲ್ಲಿ 9000 ಸೀರೀಸ್ ತೆಗೆದು ಕೂರಿಸಿದರೆ ಆಯಿತು, ಬೋರ್ಡ್ ಅದೇ ಇರುತ್ತದೆ.

ತೀರ್ಥಹಳ್ಳಿ ಎಡಿಟರ್
ಅವರು 7400ನ್ನು ಇಲ್ಲಿಯವರೆಗೆ ಎಳೆದುಕೊಂಡು ಬಂದವರು. ಎರಡು ವರ್ಷಕ್ಕೆ ಪ್ರೊಸೆಸರ್ ಬದಲಾಯಿಸುವ ಸ್ಟುಡಿಯೋ ನಮ್ಮ ಜಿಲ್ಲೆಯಲ್ಲಿ ಯಾವುದಿದೆ ತೋರಿಸು. ಲೆನ್ಸಿಗೆ ಫಂಗಸ್ ಬಂದರೆ ಕ್ಲೀನ್ ಮಾಡಿಸಲು ಬೆಂಗಳೂರಿಗೆ ಕಳಿಸಬೇಕು, ದುಡ್ಡೆಲ್ಲ ಅಲ್ಲಿಗೇ ಹೋಗುತ್ತದೆ. ಅಪ್‌ಗ್ರೇಡ್ ದಾರಿ ಚೆನ್ನಾಗಿದೆ, ನಡೆಯುವವರು ಬೇಕಲ್ಲ.

ಬಿ.ಎಚ್. ರೋಡ್ ರಿಪೇರಿ
ಎಎಂ5 ತಗೊಳ್ಳುವವರಿಗೆ ಇನ್ನೊಂದು ಮಾತು, ಮುಂದೆ ಯಾರಿಗಾದರೂ ಬೇಕಾಗುತ್ತದೆ. ಮೊದಲ ಸಲ ಆನ್ ಮಾಡಿದಾಗ ಅದು ರ‍್ಯಾಮಿನ ಜೊತೆ ಹೊಂದಿಕೊಳ್ಳಲು ಹಲವು ನಿಮಿಷ ತಗೊಳ್ಳುತ್ತದೆ, ಸ್ಕ್ರೀನ್ ಪೂರ್ತಿ ಕಪ್ಪು. ಒಬ್ಬ ಹುಡುಗ ಬೋರ್ಡ್ ಸತ್ತಿದೆ ಅಂತ ಮಳೆಯಲ್ಲಿ ಪ್ಲಾಸ್ಟಿಕ್ ಸುತ್ತಿಕೊಂಡು ನನ್ನ ಅಂಗಡಿಗೆ ತಂದಿದ್ದ. ಟೇಬಲ್ ಮೇಲಿಟ್ಟು ಆನ್ ಮಾಡಿ, ಕೂತು ಚಹಾ ಕುಡಿ ಅಂದೆ. ಲೋಟ ಖಾಲಿ ಆಗುವ ಹೊತ್ತಿಗೆ ಡಿಸ್‌ಪ್ಲೇ ಬಂತು. ಬೋರ್ಡಿನ ಸೆಟ್ಟಿಂಗ್ ನೆನಪಿಡುವ ಸಿಮೋಸ್ ಬ್ಯಾಟರಿ ಹೋಗಿದ್ದರೆ, ಕರೆಂಟು ಹೋಗಿ ಬಂದಾಗಲೆಲ್ಲ ಇದೇ ಕಥೆ.

ಹೊಸನಗರ ಗೇಮರ್
ಬಯೋಸ್‌ನಲ್ಲಿ ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ ಅಂತ ಇದೆ, ಆನ್ ಮಾಡಿದರೆ ಆಮೇಲೆ ಬೇಗ ಬರುತ್ತದೆ. ಅದನ್ನೂ ಹೇಳಿ.

ಬಿ.ಎಚ್. ರೋಡ್ ರಿಪೇರಿ
ಹೇಳಿದೆಯಲ್ಲ ನೀನೇ.

ಸೊರಬ ಡಿಟಿಪಿ
ನನ್ನದೊಂದು ಪ್ರಶ್ನೆ, ಸಂಬಂಧ ಇಲ್ಲದ್ದು. ನುಡಿ, ಪೇಜ್‌ಮೇಕರ್, ಲಗ್ನಪತ್ರಿಕೆ ಕೆಲಸ. ಇದಕ್ಕೆ ಎರಡರಲ್ಲಿ ಯಾವುದು?

ತೀರ್ಥಹಳ್ಳಿ ಎಡಿಟರ್
ಅದಕ್ಕೆ ಎರಡೂ ಬೇಡ. ಪೇಜ್‌ಮೇಕರ್ ಕಾಲದಲ್ಲಿ ಈ ಪ್ರೊಸೆಸರ್‌ಗಳು ಹುಟ್ಟೇ ಇರಲಿಲ್ಲ. ಎಸ್‌ಎಸ್‌ಡಿ ಹಾಕಿಸಿ ಸಾಕು. ಬೇಗ ಯೂನಿಕೋಡಿಗೆ ಬನ್ನಿ ಮಾರಾಯ್ರೆ, ನೀವು ಕಳಿಸುವ ಟೈಟಲ್ ನಾನು ಪ್ರತಿ ಸಲ ಬೆರಳಚ್ಚು ಮಾಡಿಕೊಳ್ಳಬೇಕು.

ಸೊರಬ ಡಿಟಿಪಿ
ಪಾರ್ಟಿಗೆ ಆ ಹಳೇ ಫಾಂಟೇ ಬೇಕಂತೆ, ನಾನೇನು ಮಾಡಲಿ.

ಸಾಗರ ಸ್ಟುಡಿಯೋ
ತಗೊಂಡಾಯಿತು. 14500 ಶಿವಮೊಗ್ಗದಲ್ಲಿ ಸ್ಟಾಕ್ ಇರಲಿಲ್ಲ, ಬೆಂಗಳೂರಿನ ಎಸ್.ಪಿ. ರೋಡಿನಲ್ಲೂ ವಿಚಾರಿಸಿದರು, ಸಿಗಲಿಲ್ಲ. ಕೊನೆಗೆ ಎಫ್ ಇಲ್ಲದ 14400, ಡಿಡಿಆರ್4 ಸ್ಲಾಟಿನ ಬಿ760 ಬೋರ್ಡ್, ರಾತ್ರಿ ಬಸ್ಸಿನ ಪಾರ್ಸೆಲ್‌ನಲ್ಲಿ ಬಂತು. ಬಯೋಸ್ ಅಪ್‌ಡೇಟ್ ಅಂಗಡಿಯಲ್ಲೇ ಮಾಡಿಸಿದೆ.

ಆದರೆ ಮದುಮಗಳು ಇನ್ನೂ ಹಾಗೇ ನಿಂತಿದ್ದಾಳೆ! ಟಾಸ್ಕ್ ಮ್ಯಾನೇಜರ್‌ನಲ್ಲಿ 1650 ಒಂದೇ ಕಾಣುತ್ತಿದೆ, ಇಂಟೆಲ್ ಗ್ರಾಫಿಕ್ಸ್ ಕಾಣುತ್ತಲೇ ಇಲ್ಲ. ಮತ್ತೆ ಎಫ್ ಕೊಟ್ಟುಬಿಟ್ಟರಾ? ಡಬ್ಬದ ಮೇಲೆ ಎಫ್ ಇಲ್ಲ.

ತೀರ್ಥಹಳ್ಳಿ ಎಡಿಟರ್
ಗಾಬರಿ ಬೇಡ. ಹೊರಗಿನ ಕಾರ್ಡ್ ಹಾಕಿದರೆ ಬಹಳ ಬೋರ್ಡುಗಳು ಒಳಗಿನ ಗ್ರಾಫಿಕ್ಸ್ ಆಫ್ ಮಾಡಿಬಿಡುತ್ತವೆ. ಬಯೋಸ್‌ಗೆ ಹೋಗಿ "ಐಜಿಪಿಯು ಮಲ್ಟಿ ಮಾನಿಟರ್" ಅಂತ ಇರುತ್ತದೆ, ಎನೇಬಲ್ ಮಾಡಿ. ಮಾನಿಟರ್ ಕೇಬಲ್ 1650ರಲ್ಲೇ ಇರಲಿ. ವಿಂಡೋಸಿಗೆ ಬಂದು ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಹಾಕಿ. ಆಮೇಲೆ ಪ್ರೀಮಿಯರ್‌ನ ಪ್ರಿಫರೆನ್ಸಸ್‌ನಲ್ಲಿ ಮೀಡಿಯಾ, ಅಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಕೆಳಗೆ ಇಂಟೆಲ್‌ಗೆ ಟಿಕ್. ಪ್ರೀಮಿಯರ್ ಮುಚ್ಚಿ ತೆರೆಯಿರಿ.

ಸಾಗರ ಸ್ಟುಡಿಯೋ
ಹಾರ ಬಿತ್ತು!! ಟೈಮ್‌ಲೈನ್ ನೀರು ಹರಿದ ಹಾಗೆ ಓಡುತ್ತಿದೆ, ಸಿಪಿಯು ಗ್ರಾಫ್ ಕೆಳಗೇ ಇದೆ, ಇಂಟೆಲ್ ಜಿಪಿಯುನಲ್ಲಿ ವಿಡಿಯೋ ಡಿಕೋಡ್ ಮಾತ್ರ ಮೇಲೆ ಹೋಗಿದೆ. ಎರಡು ಕ್ಯಾಮೆರಾ ಒಟ್ಟಿಗೆ ಹಾಕಿದರೆ ಆಗಾಗ ಮುಗ್ಗರಿಸುತ್ತದೆ, ಅದಕ್ಕೆ ಮೇಷ್ಟ್ರು ಹೇಳಿದ ಪ್ರಾಕ್ಸಿ ಮಾಡಿಕೊಳ್ಳುತ್ತೇನೆ.

ಭದ್ರಾವತಿ ಮೇಷ್ಟ್ರು
ಬಂದಿರಲ್ಲ ದಾರಿಗೆ.

ಹೊಸನಗರ ಗೇಮರ್
ಮುಗ್ಗರಿಸುವುದು ರ‍್ಯಾಮ್ 16 ಜಿಬಿ ಇರುವುದಕ್ಕೂ ಇರಬಹುದು ಅಣ್ಣ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಎಷ್ಟು ತುಂಬಿದೆ ನೋಡಿ.

ಸಾಗರ ಸ್ಟುಡಿಯೋ
ಶೇಕಡಾ 94.

ಹೊಸನಗರ ಗೇಮರ್
ಅಲ್ಲೇ ಇದೆ ನೋಡಿ. 32 ಮಾಡಿ, ಆಮೇಲೆ ಪ್ರಾಕ್ಸಿ ಮಾತು.

ಅಡಿಕೆ ಭಟ್ರು
ಆ ಹಳೇ 7400 ಏನು ಮಾಡುತ್ತೀರಿ? ಬೋರ್ಡ್ ಸಮೇತ ಕೊಡುವುದಾದರೆ ನಮ್ಮ ಮನೆಗೆ ಬೇಕಿತ್ತು. ಲೆಕ್ಕ ಬರೆಯುವುದಕ್ಕೆ, ಮತ್ತೇನಿಲ್ಲ.

ಸಾಗರ ಸ್ಟುಡಿಯೋ
ಕೊಡೋಣ ಭಟ್ರೇ, ರ‍್ಯಾಮ್ ಮಾತ್ರ ನೀವೇ ಹಾಕಿಕೊಳ್ಳಬೇಕು.

ಅಡಿಕೆ ಭಟ್ರು
ರ‍್ಯಾಮ್ ರೇಟು ಕೇಳಿದ ಮೇಲೆ ಪುಸ್ತಕದಲ್ಲೇ ಲೆಕ್ಕ ಬರೆಯುತ್ತೇನೆ ಬಿಡಿ.

ಬಿ.ಎಚ್. ರೋಡ್ ರಿಪೇರಿ
ನನ್ನ ಹತ್ತಿರ 4 ಜಿಬಿ ಡಿಡಿಆರ್4 ಒಂದೆರಡು ಬಿದ್ದಿವೆ, ಸಂತೆಗೆ ಬಂದಾಗ ಅಂಗಡಿಗೆ ಬನ್ನಿ. ಲಿನಕ್ಸ್ ಹಾಕಿಕೊಡುತ್ತೇನೆ. ಇನ್ವರ್ಟರ್ ವಿಷಯ ಮಾತ್ರ ಮೊದಲು ಸರಿ ಮಾಡಿಸಿಕೊಳ್ಳಿ.